ಓದುಗರ ಪ್ರಶ್ನೆ, ತಜ್ಞರ ಉತ್ತರ: ಮಡೀರಾದಲ್ಲಿ ಮನೆಮಂದಿಯ ಚಳಿಗಾಲದ ರಜೆ

ಅಟ್ಲಾಂಟಿಕ್ ಸಾಗರದ ನಡುವೆ, ಲಿಸ್ಬನ್‌ನಿಂದ ಸುಮಾರು 970 ಕಿ.ಮೀ. ದೂರದಲ್ಲಿರುವ ಪೋರ್ಚುಗಲ್‌ನ ದ್ವೀಪ ಮಡೀರಾ. ಯುರೋಪಿನಲ್ಲಿ ನೆಲೆಸಿರುವ ಕನ್ನಡಿಗರಿಂದ ಈ ದ್ವೀಪದ ಬಗ್ಗೆ ಹಲವು ಪ್ರಶ್ನೆಗಳು ಬಂದಿವೆ, ಬೆಂಗಳೂರಿನಿಂದಲೂ ಒಂದು ಬಂದಿದೆ. ಆಯ್ದವುಗಳಿಗೆ ಇಲ್ಲಿ ಉತ್ತರ.

ಪ್ರಶ್ನೆ: ನಾವು ಇಂಗ್ಲೆಂಡಿನ ರೀಡಿಂಗ್‌ನಲ್ಲಿದ್ದೇವೆ. ಡಿಸೆಂಬರ್ ಶಾಲಾ ರಜೆಯಲ್ಲಿ ಏಳು ದಿನ ಮಡೀರಾಕ್ಕೆ ಹೋಗುವ ಆಸೆ. 5 ಮತ್ತು 9 ವರ್ಷದ ಮಕ್ಕಳು, ಜೊತೆಗೆ ಮೈಸೂರಿನಿಂದ ಬರುವ 68 ವರ್ಷದ ಅತ್ತೆ. ಮೊಬೈಲ್‌ನಲ್ಲಿ ನೋಡಿದರೆ ಏಳೂ ದಿನ ಮಳೆಯ ಚಿತ್ರ ಕಾಣುತ್ತದೆ. ಎಲ್ಲಿ ಉಳಿಯಬೇಕು? ಯಾವ ದಿನ ಏನು ನೋಡಬೇಕು?

ಉತ್ತರ: ಆ ಮಳೆಯ ಚಿತ್ರ ನೋಡಿ ಟಿಕೆಟ್ ರದ್ದು ಮಾಡಬೇಡಿ. ದ್ವೀಪದ ಉದ್ದ ಸುಮಾರು 57 ಕಿ.ಮೀ., ಅಗಲ 22 ಕಿ.ಮೀ. ಅಷ್ಟರೊಳಗೇ ಪೀಕೊ ರೂಯ್ವು ಶಿಖರ 1,862 ಮೀಟರ್ ಎತ್ತರಕ್ಕೆ ನಿಂತಿದೆ. ನಮ್ಮ ಮುಳ್ಳಯ್ಯನಗಿರಿ ಇದಕ್ಕಿಂತ ತುಸು ಎತ್ತರ ನಿಜ, ಆದರೆ ಅದರ ಬುಡದ ಚಿಕ್ಕಮಗಳೂರೇ ಸಾವಿರ ಮೀಟರ್ ಮೇಲಿದೆ. ಇಲ್ಲಿ ಬೆಟ್ಟ ಏಳುವುದು ನೇರ ಸಮುದ್ರದಿಂದ. ಮೋಡ ಅದಕ್ಕೆ ಬಡಿದಾಗ ಒಂದು ಮಗ್ಗುಲು ತೊಯ್ಯುತ್ತದೆ, ಇನ್ನೊಂದು ಮಗ್ಗುಲಲ್ಲಿ ಬಿಸಿಲಿರುತ್ತದೆ. ಇಡೀ ದ್ವೀಪಕ್ಕೆ ಒಂದೇ ಮುನ್ಸೂಚನೆ ಕೊಡುವ ಆ್ಯಪ್‌ಗೆ ಈ ವ್ಯತ್ಯಾಸ ತಿಳಿಯದು.

ನೀವು ನೋಡಬೇಕಾದದ್ದು ಗಾಳಿಯ ದಿಕ್ಕು. ಈಶಾನ್ಯದ ಗಾಳಿಯಿದ್ದರೆ ಉತ್ತರದ ಸಂತಾನಾ, ಸಾಂವ್ ವಿಸೆಂಟ್ ಕಡೆ ಮೋಡ ಮುಸುಕಿ ದಕ್ಷಿಣದ ಫುಂಶಾಲ್ ತಿಳಿಯಾಗಿರುತ್ತದೆ. ಅಟ್ಲಾಂಟಿಕ್‌ನಿಂದ ವಾಯುಭಾರ ಕುಸಿತ ಬಂದು ನೈಋತ್ಯದ ಗಾಳಿ ಬೀಸಿದರೆ ಲೆಕ್ಕ ತಿರುಗುಮುರುಗು: ದಕ್ಷಿಣಕ್ಕೆ ಮಳೆ, ಉತ್ತರದಲ್ಲಿ ಎಷ್ಟೋ ಸಲ ಒಣ ಹವೆ. ಮೂರನೆಯ ಸಾಧ್ಯತೆಯೂ ಇದೆ. ಮೋಡ ನಡುಮಟ್ಟದಲ್ಲೇ ನಿಂತು, ಊರಲ್ಲಿ ಮಂಕು ಕವಿದಿದ್ದರೂ ಶಿಖರದ ಮೇಲೆ ನೀಲಿ ಆಕಾಶ ಇರಬಹುದು. ಬೆಳಿಗ್ಗೆ ಎದ್ದ ಕೂಡಲೇ ಪೀಕೊ ದು ಅರಿಯೇರು ಶಿಖರದ ವೆಬ್‌ಕ್ಯಾಮೆರಾ ನೋಡಿ, ಆಮೇಲೆ ಅಂದಿನ ದಿಕ್ಕು ತೀರ್ಮಾನಿಸಿ. ಪೋರ್ಚುಗಲ್‌ನ ಹವಾಮಾನ ಸಂಸ್ಥೆ ಐಪಿಎಂಎ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಕರಾವಳಿಗೆ ಬೇರೆ, ಬೆಟ್ಟಕ್ಕೆ ಬೇರೆ ಕೊಡುತ್ತದೆ. ಕಿತ್ತಳೆ ಬಂದ ದಿನ ಬೆಟ್ಟವೂ ಬೇಡ, ಹಳ್ಳದ ದಂಡೆಯೂ ಬೇಡ. 2010ರ ಫೆಬ್ರುವರಿ 20ರಂದು ಇದೇ ಹಳ್ಳಗಳು ಕೆಲವೇ ಗಂಟೆಗಳಲ್ಲಿ ಉಕ್ಕಿ ನಲವತ್ತಕ್ಕೂ ಹೆಚ್ಚು ಜನ ಸತ್ತರು.

ಹಾಗಾಗಿ ಸೋಮವಾರ ಇಲ್ಲಿ, ಮಂಗಳವಾರ ಅಲ್ಲಿ ಎಂದು ಮೊದಲೇ ಬರೆದಿಡಬೇಡಿ. ಮೂರು ಪಟ್ಟಿ ಮಾಡಿಕೊಳ್ಳಿ. ತಿಳಿ ಆಕಾಶದ ದಿನಕ್ಕೆ: ಅರಿಯೇರು ಶಿಖರ, ನನ್‌ಗಳ ಕಣಿವೆಯನ್ನು ಮೇಲಿನಿಂದ ತೋರಿಸುವ ಐರಾ ದು ಸೆರ್ರಾದು, ಗಾಜಿನ ನೆಲದ ಕಾಬು ಜಿರಾಂವ್ (ಸಮುದ್ರದಿಂದ 580 ಮೀಟರ್, ತಲೆಸುತ್ತು ಇರುವವರು ಗಾಜಿನಿಂದ ದೂರ ನಿಂತರೂ ನೋಟ ಕಾಣುತ್ತದೆ). ಮೋಡದ ದಿನಕ್ಕೆ: ಫನಾಲ್‌ನ ಮುದಿ ಮರಗಳು. ಅವುಗಳ ಚೆಲುವು ಇರುವುದೇ ಮಂಜಿನಲ್ಲಿ, ಬಿಸಿಲಿದ್ದರೆ ಅದು ಬರೀ ದನ ಮೇಯುವ ಬಯಲು. ಮಳೆಯ ದಿನಕ್ಕೆ: ಫುಂಶಾಲ್‌ನ ಲವ್ರಡೋರಿಶ್ ಮಾರುಕಟ್ಟೆ, ವಸ್ತುಸಂಗ್ರಹಾಲಯ, ಹೋಟೆಲಿನ ಬಿಸಿನೀರಿನ ಕೊಳ. ಪೋರ್ಟು ಮೋನಿಶ್‌ನ ಲಾವಾ ಕೊಳಗಳು ಉತ್ತರ ಕರಾವಳಿಯಲ್ಲಿವೆ. ಅಲೆ ಜೋರಿದ್ದರೆ ಒಳಗೆ ಬಿಡುವುದಿಲ್ಲ. ಚಳಿಗಾಲದಲ್ಲಿ ಸಮುದ್ರದ ನೀರು 18–19 ಡಿಗ್ರಿ, ಮಕ್ಕಳು ಹತ್ತು ನಿಮಿಷಕ್ಕೇ ನಡುಗುತ್ತಾರೆ.

ಉಳಿಯಲು ದಕ್ಷಿಣ ಕರಾವಳಿಯ ಫುಂಶಾಲ್, ಕನೀಸು ಅಥವಾ ಇನ್ನೂ ಪಶ್ಚಿಮದ ಕಲ್ಯೇಟಾ ಸರಿ. ಅತ್ತೆಯವರು ಜೊತೆಗಿರುವುದರಿಂದ ಫುಂಶಾಲ್‌ನ ಸಮತಟ್ಟಾದ ಲೀದು ಭಾಗವೇ ಒಳ್ಳೆಯದು. ಬೇರೆ ಕಡೆ ಮನೆಯಿಂದ ಅಂಗಡಿಗೆ ಹೋಗುವುದೂ ಏರುದಾರಿ. ಚಿತ್ರದಲ್ಲಿ ಚೆಂದ ಕಂಡಿತೆಂದು ಉತ್ತರದ ಮನೆ ಹಿಡಿಯಬೇಡಿ. ಡಿಸೆಂಬರ್‌ನಲ್ಲಿ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ಅಲ್ಲಿನ ಕಣಿವೆಗಳಿಗೆ ನೇರ ಬಿಸಿಲು ಸಿಗುವುದೇ ಕಡಿಮೆ. ಮನೆ ಹಿಡಿಯುವ ಮುನ್ನ ಎರಡು ಪ್ರಶ್ನೆ ಕೇಳಿ: ಸಮುದ್ರಮಟ್ಟದಿಂದ ಎಷ್ಟು ಎತ್ತರ? ಹೀಟರ್ ಇದೆಯೇ? ಇಲ್ಲಿನ ಹಲವು ಮನೆಗಳಿಗೆ ಇಂಗ್ಲೆಂಡಿನಂತೆ ಕೇಂದ್ರೀಯ ಬಿಸಿ ವ್ಯವಸ್ಥೆ ಇಲ್ಲ. ಫುಂಶಾಲ್‌ನಲ್ಲಿ ಹಗಲು 19–20, ರಾತ್ರಿ 13–14 ಡಿಗ್ರಿ ಎಂದರೆ ಹಿತವಾಗಿ ಕೇಳಿಸುತ್ತದೆ, ಆದರೆ ತೇವ ಹಿಡಿದ ಕೋಣೆಯಲ್ಲಿ ವಯಸ್ಸಾದವರಿಗೆ ಅದೇ ಕೊರೆಯುತ್ತದೆ. ಎತ್ತರ ಸಾವಿರ ಮೀಟರ್ ಹೆಚ್ಚಿದಂತೆ ಸುಮಾರು 6 ಡಿಗ್ರಿ ಕಳೆಯಿರಿ. ಊರಲ್ಲಿ 19 ಇದ್ದರೆ 1,818 ಮೀಟರ್‌ನ ಅರಿಯೇರುವಿನಲ್ಲಿ 8ರ ಆಸುಪಾಸು, ಗಾಳಿ ಬೀಸಿದರೆ ಇನ್ನೂ ಕಡಿಮೆ ಅನಿಸುತ್ತದೆ. ಒಮ್ಮೊಮ್ಮೆ ಹಿಮವೂ ಬೀಳುತ್ತದೆ, ಆಗ ರಸ್ತೆ ಮುಚ್ಚುತ್ತಾರೆ. ಕಾರಿನ ಡಿಕ್ಕಿಯಲ್ಲಿ ಸ್ವೆಟರ್, ಟೋಪಿ, ಮಳೆ ಜಾಕೆಟ್ ಸದಾ ಇರಲಿ. ಡಿಸೆಂಬರ್ ಕೊನೆಗೆ ಸೂರ್ಯೋದಯ 8 ಗಂಟೆ ದಾಟಿದ ಮೇಲೆ, ಸೂರ್ಯಾಸ್ತ ಸಂಜೆ 6ರ ಹೊತ್ತಿಗೆ. ದಿನಕ್ಕೆ ಒಂದು ದೊಡ್ಡ ಜಾಗ ಸಾಕು.

ಪ್ರಶ್ನೆ: ನಾವು ಬೆಂಗಳೂರಿನಿಂದ ಹೊರಡುವವರು. ವೀಸಾ, ವಿಮಾನ ಹೇಗೆ? ಅಲ್ಲಿ ವಿಮಾನ ಇಳಿಯಲು ಆಗದೆ ವಾಪಸ್ ಹೋಗುತ್ತದೆ ಎಂದು ಕೇಳಿದ್ದೇವೆ.

ಉತ್ತರ: ಮಡೀರಾ ಷೆಂಗೆನ್ ವಲಯದಲ್ಲಿದೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು), ಪೋರ್ಚುಗಲ್‌ನ ಅಲ್ಪಾವಧಿ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳಿಗಿಂತ ಮೊದಲು ಅರ್ಜಿ ತೆಗೆದುಕೊಳ್ಳುವುದಿಲ್ಲ. ಡಿಸೆಂಬರ್ ಪ್ರವಾಸಕ್ಕೆ ಸೆಪ್ಟೆಂಬರ್‌ನಲ್ಲೇ ಹಾಕಿ. ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 11 ವರ್ಷದವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಪ್ರವಾಸ ವಿಮೆ ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚಕ್ಕೆ ಇರಲೇಬೇಕು. ಲಂಡನ್ ಮೂಲಕ ಹೋಗುವುದಾದರೆ ಷೆಂಗೆನ್ ಪ್ರವಾಸಿ ವೀಸಾ ಮಾತ್ರ ಇದ್ದರೆ ಸಾಲದು, ಬ್ರಿಟನ್ನಿನ ಟ್ರಾನ್ಸಿಟ್ ವೀಸಾ ಬೇರೆ ಬೇಕು. ಫ್ರಾಂಕ್‌ಫರ್ಟ್ ಅಥವಾ ಲಿಸ್ಬನ್ ದಾರಿಯಲ್ಲಿ ಈ ತಾಪತ್ರಯವಿಲ್ಲ.

ರೀಡಿಂಗ್‌ನ ಓದುಗರಿಗೆ ಇಲ್ಲೇ ಒಂದು ಮಾತು. ಅತ್ತೆಯವರು ಬ್ರಿಟನ್ನಿಗೆ ಪ್ರವಾಸಿ ವೀಸಾದಲ್ಲಿ ಬರುವವರಾದರೆ ಷೆಂಗೆನ್ ವೀಸಾವನ್ನು ಭಾರತದಲ್ಲೇ ಮಾಡಿಸಿಕೊಂಡು ಬರಲಿ. ಬ್ರಿಟನ್ನಿನಲ್ಲಿ ವಾಸದ ಪರವಾನಗಿ ಇಲ್ಲದವರ ಅರ್ಜಿಯನ್ನು ಅಲ್ಲಿನ ಕೇಂದ್ರಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ನಿನ ವಾಸದ ಪರವಾನಗಿ ಇದ್ದರೂ ಷೆಂಗೆನ್ ವೀಸಾ ಬೇಕೇ ಬೇಕು. ಜರ್ಮನಿ, ನೆದರ್‌ಲೆಂಡ್ಸ್‌ನಂಥ ದೇಶಗಳ ವಾಸದ ಕಾರ್ಡ್ ಇರುವವರಿಗೆ ಬೇಡ.

ವಿಮಾನದ ವಿಷಯ ನೀವು ಕೇಳಿದ್ದು ನಿಜ. ನಿಲ್ದಾಣ ಆಗ್ನೇಯ ಕರಾವಳಿಯಲ್ಲಿ, ಬೆಟ್ಟದ ಮಗ್ಗುಲಿಗೆ ಅಂಟಿಕೊಂಡಿದೆ. 2000ದಲ್ಲಿ ರನ್‌ವೇಯನ್ನು ಸಮುದ್ರದ ಅಂಚಿನಲ್ಲಿ ಕಂಬಗಳ ಮೇಲೆ ಚಾಚಿ 2,781 ಮೀಟರ್ ಮಾಡಿದರು. ಉದ್ದದ ಸಮಸ್ಯೆ ಅಲ್ಲಿಗೆ ತೀರಿತು, ಗಾಳಿಯದು ಉಳಿಯಿತು. ಉತ್ತರದ ಗಾಳಿ ಬೆಟ್ಟ ದಾಟಿ ಕೆಳಗೆ ಉರುಳುವಾಗ ರನ್‌ವೇ ಮೇಲೆ ಸುಳಿಯಾಗುತ್ತದೆ. ಅದಕ್ಕೇ ಇಲ್ಲಿ ಗಾಳಿಯ ವೇಗಕ್ಕೆ ಕಟ್ಟುನಿಟ್ಟಿನ ಮಿತಿಯಿದೆ, ಪೈಲಟ್‌ಗಳಿಗೆ ವಿಶೇಷ ತರಬೇತಿಯೂ ಬೇಕು. ಮಿತಿ ಮೀರಿದರೆ ವಿಮಾನ ಪಕ್ಕದ ಪೋರ್ಟು ಸಾಂಟು ದ್ವೀಪಕ್ಕೋ ಕೆನರಿ ದ್ವೀಪಗಳಿಗೋ ಲಿಸ್ಬನ್‌ಗೋ ತಿರುಗುತ್ತದೆ. ಅಪಾಯಕ್ಕಿಂತ ಇದು ಪರದಾಟ.

ಪರದಾಟ ತಗ್ಗಿಸಲು, ಬೆಂಗಳೂರಿನಿಂದ ಫುಂಶಾಲ್‌ವರೆಗೆ ಒಂದೇ ಟಿಕೆಟ್ ಇರಲಿ. ಅಗ್ಗವೆಂದು ಲಿಸ್ಬನ್‌ವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು ಕೊಂಡರೆ, ಮರಳುವಾಗ ಗಾಳಿಯಿಂದ ತಡವಾಗಿ ತಪ್ಪಿದ ವಿಮಾನದ ದುಡ್ಡು ನಿಮ್ಮದೇ. ಬೇರೆ ಬೇರೆ ಕೊಳ್ಳಲೇಬೇಕಾದರೆ ನಡುವೆ ಒಂದು ರಾತ್ರಿ ಲಿಸ್ಬನ್‌ನಲ್ಲಿ ಕಳೆಯಿರಿ. ಗಾಳಿಯಿಂದ ರದ್ದಾದರೆ ಯುರೋಪಿನ ನಿಯಮದಡಿ ನಗದು ಪರಿಹಾರ ಸಿಗುವುದಿಲ್ಲ. ಆದರೆ ಊಟ, ಹೋಟೆಲ್, ಬದಲಿ ವಿಮಾನ ಕೊಡುವುದು ವಿಮಾನ ಸಂಸ್ಥೆಯ ಹೊಣೆ, ಕೇಳಿ ಪಡೆಯಿರಿ. ಎರಡು ದಿನದ ಔಷಧಿ, ಮಕ್ಕಳ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಪ್ರಶ್ನೆ: ಮ್ಯೂನಿಕ್‌ನಿಂದ ಹೋಗುತ್ತಿದ್ದೇವೆ. ಲೆವಾದಾ ದಾರಿಗಳಲ್ಲಿ ನಡೆಯುವ ಆಸೆ. 8 ವರ್ಷದ ಮಗನನ್ನು ಕರೆದೊಯ್ಯಬಹುದೆ?

ಉತ್ತರ: ಲೆವಾದಾ ಎಂದರೆ ಉತ್ತರದ ಮಳೆನೀರನ್ನು ದಕ್ಷಿಣದ ಕಬ್ಬು, ಬಾಳೆ ತೋಟಗಳಿಗೆ ಒಯ್ಯಲು ಬೆಟ್ಟದ ಪಕ್ಕೆಯಲ್ಲಿ ಕಡಿದ ಕಾಲುವೆ. ನೀವು ನಡೆಯುವುದು ಅದನ್ನು ನೋಡಿಕೊಳ್ಳುವವರ ಕಾಲುದಾರಿಯಲ್ಲಿ. ಏರಿಳಿತ ಇಲ್ಲದ್ದರಿಂದ ಸುಲಭ ಅನಿಸುತ್ತದೆ, ಮೋಸ ಹೋಗುವುದು ಅಲ್ಲೇ. ಕೆಲವೆಡೆ ದಾರಿ ಅರ್ಧ ಮೀಟರ್ ಅಗಲ. ಒಂದು ಬದಿ ನೀರು, ಇನ್ನೊಂದು ಬದಿ ಪ್ರಪಾತ, ನಡುವೆ ಒಂದು ತಂತಿಬೇಲಿ. ಅದೂ ಎಲ್ಲ ಕಡೆ ಇಲ್ಲ.

ಮೊದಲು ರಿಬೇರು ಫ್ರಿಯುದಿಂದ ಬಾಲ್ಕೊಯಿಂಶ್ ದಾರಿ (ಅಧಿಕೃತ ಸಂಖ್ಯೆ ಪಿಆರ್ 11) ಹಿಡಿಯಿರಿ. ಹೋಗಲು 1.5 ಕಿ.ಮೀ., ಬರಲು ಅಷ್ಟೇ, ದಾರಿ ಅಗಲ. ಕೊನೆಯ ಕಟ್ಟೆಯಿಂದ ದೊಡ್ಡ ಶಿಖರಗಳು ಕಾಣುತ್ತವೆ, ಪುಟ್ಟ ಹಕ್ಕಿಗಳು ಕೈಯಳತೆಗೆ ಬರುತ್ತವೆ. ರೀಡಿಂಗ್‌ನ ಅತ್ತೆಯವರಿಗೂ ಇದು ಆಗುತ್ತದೆ. ಮಗ ಅದನ್ನು ಚೆನ್ನಾಗಿ ನಡೆದರೆ ಅಶಾದಾ ದು ತೆಯ್‌ಶೇರಾದಿಂದ ಪೀಕೊ ರೂಯ್ವುಗೆ 2.8 ಕಿ.ಮೀ. ಕಲ್ಲು ಹಾಸಿದ ಏರುದಾರಿ (ಪಿಆರ್ 1.2) ಹಿಡಿಯಿರಿ. ದ್ವೀಪದ ನೆತ್ತಿಗೆ ಹೋಗಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಪೂರ್ವ ತುದಿಯ ಸಾಂವ್ ಲೊರೆನ್ಸು ಭೂಶಿರ ಮಳೆ ಕಡಿಮೆ ಇರುವ ಜಾಗ, ಆದರೆ ಮರವೇ ಇಲ್ಲ, ಗಾಳಿ ತಳ್ಳುತ್ತದೆ. ರಬಾಸಲ್‌ನ 25 ಫೋಂತಿಶ್ ದಾರಿ ಕಿರಿದು, ಜನಜಂಗುಳಿ ಹೆಚ್ಚು. ಅದೇ ಕಡೆಯ ರೀಶ್ಕು ಜಲಪಾತದ ಚಿಕ್ಕ ಕವಲು ಸಾಕು. ಕಲ್ದೈರಾಂವ್ ವೆರ್ದಿ ಹೋಗಿಬರಲು ಸುಮಾರು 13 ಕಿ.ಮೀ., ಸುರಂಗಗಳು, ಇಕ್ಕಟ್ಟು. 8 ವರ್ಷದವನಿಗೆ ಬೇಡ ಎಂಬುದೇ ನಮ್ಮ ಉತ್ತರ.

ಮುಂದೊಬ್ಬರು, ಹಿಂದೊಬ್ಬರು ದೊಡ್ಡವರು, ನಡುವೆ ಮಗು. ಎದುರಿನಿಂದ ಗುಂಪು ಬಂದರೆ ಮಗುವಿನೊಂದಿಗೆ ನೀವು ಬೆಟ್ಟದ ಬದಿಗೆ ನಿಂತು ಅವರನ್ನು ಕಳಿಸಿ. ಕಾಲುವೆಗೆ ಬಿದ್ದರೆ ಮೊಣಕಾಲು ನೆನೆಯುತ್ತದೆ ಅಷ್ಟೆ. ಸವೆದ ಕ್ಯಾನ್ವಾಸ್ ಬೂಟು ಒದ್ದೆ ಕಲ್ಲಿನ ಮೇಲೆ ಜಾರುತ್ತದೆ, ಹಿಡಿತವಿರುವ ಅಟ್ಟೆ ಬೇಕು. ಸುರಂಗವಿದ್ದರೆ ತಲೆಗೊಂದು ಹೆಡ್‌ಲ್ಯಾಂಪ್ ಒಯ್ಯಿರಿ, ಮೊಬೈಲ್ ಬೆಳಕು ಹಿಡಿದರೆ ಕೈ ಖಾಲಿ ಉಳಿಯುವುದಿಲ್ಲ. ಜೋರು ಮಳೆ ನಿಂತ ಮರುದಿನವೂ ಹೋಗಬೇಡಿ, ನೆನೆದ ಬಂಡೆಯಿಂದ ಕಲ್ಲು ಕಳಚುವುದು ಆಗಲೇ. ಅಧಿಕೃತ ದಾರಿಗಳಿಗೆ ಈಗ ಶುಲ್ಕವಿದೆ, ಆನ್‌ಲೈನ್‌ನಲ್ಲಿ ಮೊದಲೇ ಕಟ್ಟಬೇಕು. 2024ರ ಆಗಸ್ಟ್‌ನ ಕಾಡ್ಗಿಚ್ಚಿನ ನಂತರ ಅರಿಯೇರು–ರೂಯ್ವು ದಾರಿ ಬಹುಕಾಲ ಮುಚ್ಚಿತ್ತು. ಹೊರಡುವ ಹಿಂದಿನ ಸಂಜೆ ಅರಣ್ಯ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ದಾರಿ ತೆರೆದಿದೆಯೇ ನೋಡಿ.

ಪ್ರಶ್ನೆ: ನಾವು ಮಾಂಸ, ಮೀನು, ಮೊಟ್ಟೆ ತಿನ್ನುವುದಿಲ್ಲ. ಊಟಕ್ಕೇನು?

ಉತ್ತರ: ‘ಸೈಂ ಕಾರ್ನಿ’ (ಮಾಂಸವಿಲ್ಲದೆ) ಎಂದಷ್ಟೇ ಹೇಳಿದರೆ ತಟ್ಟೆಗೆ ಟ್ಯೂನಾ ಮೀನು ಬರಬಹುದು. ‘ಸೈಂ ಕಾರ್ನಿ, ಸೈಂ ಪೈಶಿ, ಸೈಂ ಓವುಶ್’ ಎಂದು ಮೂರನ್ನೂ ಹೇಳಿ. ತರಕಾರಿ ಸೂಪ್‌ನಲ್ಲೂ ಹಂದಿಯ ಸಾಸೇಜ್ ಹಾಕುವ ರೂಢಿಯಿದೆ, ಕೇಳಿಯೇ ಕುಡಿಯಿರಿ. ಗೆಣಸು ಸೇರಿಸಿ ಕಲ್ಲಿನ ಮೇಲೆ ಬೇಯಿಸುವ ‘ಬೋಲು ದು ಕಾಕು’ ರೊಟ್ಟಿ ಬೆಳ್ಳುಳ್ಳಿ ಬೆಣ್ಣೆ ಸವರಿಕೊಂಡು ಬರುತ್ತದೆ, ಮಕ್ಕಳಿಗೆ ಬಲು ಇಷ್ಟ. ಮೆಕ್ಕೆಜೋಳದ ಹಿಟ್ಟಿನ ಕರಿದ ತುಂಡು ‘ಮಿಲ್ಯು ಫ್ರೀತು’ ಕೂಡ ಒಗ್ಗುತ್ತದೆ, ಕರಿಯಲು ಹಂದಿಯ ಕೊಬ್ಬು ಬಳಸಿಲ್ಲ ತಾನೆ ಎಂದು ವಿಚಾರಿಸಿ. ಕ್ರಿಸ್‌ಮಸ್‌ನ ‘ಬೋಲು ದಿ ಮೆಲ್’ ನಮ್ಮ ಜೋನಿ ಬೆಲ್ಲವನ್ನು ನೆನಪಿಸುವ ಕಬ್ಬಿನ ಪಾಕದ ಕೇಕ್. ಸಾಂಪ್ರದಾಯಿಕ ವಿಧಾನದಲ್ಲಿ ಅದಕ್ಕೂ ಹಂದಿಯ ಕೊಬ್ಬು ಬೀಳುತ್ತದೆ. ಅಡುಗೆಮನೆ ಇರುವ ವಸತಿ ಹಿಡಿದು ಬೇಳೆ, ಸಾರಿನ ಪುಡಿ, ಚಿಕ್ಕ ಕುಕ್ಕರ್ ಒಯ್ದರೆ ರಾತ್ರಿಯ ಚಿಂತೆ ಇಲ್ಲ. ಅಕ್ಕಿ, ಮೊಸರು, ತರಕಾರಿ ಪಿಂಗು ದೋಸಿ, ಕಾಂಟಿನೆಂಟಿ ಅಂಗಡಿಗಳಲ್ಲಿ ಸಿಗುತ್ತವೆ. ಡಿಸೆಂಬರ್ 25 ಮತ್ತು ಜನವರಿ 1ರಂದು ಅವು ಮುಚ್ಚಿರುತ್ತವೆ, 24 ಮತ್ತು 31ರಂದು ಬೇಗ ಬಾಗಿಲು ಹಾಕುತ್ತವೆ. ಲವ್ರಡೋರಿಶ್ ಮಾರುಕಟ್ಟೆಯಲ್ಲಿ ಸೀತಾಫಲದ ಜಾತಿಯ ಅನೋನ ಹಣ್ಣಿಗೆ ಚಳಿಗಾಲವೇ ಸುಗ್ಗಿ. ರುಚಿ ನೋಡಿ ಎಂದು ಕತ್ತರಿಸಿ ಕೊಡುತ್ತಾರೆ. ತೂಗಿಸುವ ಮೊದಲು ಕಿಲೋ ಬೆಲೆ ಕೇಳಿ.

ಪ್ರಶ್ನೆ: ಕಾರು ಬಾಡಿಗೆಗೆ ಪಡೆಯಬೇಕೆ? ಹೊಸವರ್ಷದ ರಾತ್ರಿ ಅಲ್ಲೇ ಇರುತ್ತೇವೆ.

ಉತ್ತರ: ಫುಂಶಾಲ್‌ನೊಳಗೆ ಬೇಡ, ಹೊರಗೆ ಬೇಕು. ದೊಡ್ಡವರು ಮೂವರು, ಮಕ್ಕಳಿಬ್ಬರು ಇದ್ದರೆ ಐದು ಸೀಟಿನ ಕಾರು ಲೆಕ್ಕಕ್ಕೆ ಸರಿ, ಕೂರಲು ಅಲ್ಲ. ಹಿಂದೆ ಎರಡು ಮಕ್ಕಳ ಸೀಟು ಬಿಗಿದರೆ ನಡುವೆ ಮೂರನೆಯವರಿಗೆ ಜಾಗವಿಲ್ಲ. ಪೋರ್ಚುಗಲ್‌ನಲ್ಲಿ 12 ವರ್ಷದೊಳಗಿನ, 135 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಆ ಸೀಟು ಕಡ್ಡಾಯ. ಏಳು ಸೀಟಿನದನ್ನೇ ಹಿಡಿಯಿರಿ. 1.0 ಲೀಟರ್ ಎಂಜಿನ್ ತುಂಬಿದ ಕಾರನ್ನು ಇಲ್ಲಿನ ಏರಿನಲ್ಲಿ ಎಳೆಯಲು ಒದ್ದಾಡುತ್ತದೆ, ಆಟೋಮ್ಯಾಟಿಕ್ ಇದ್ದರೆ ಕಡಿದಾದ ತಿರುವಿನಲ್ಲಿ ನಿಂತು ಹೊರಡುವಾಗ ಹಿಂದಕ್ಕೆ ಜಾರುವ ಭಯ ಕಡಿಮೆ. ಅರಿಯೇರುವಿನಿಂದ ಇಳಿಯುವಾಗ ಕೆಳ ಗೇರ್‌ನಲ್ಲಿ ಇಳಿಸಿ. ಬ್ರೇಕನ್ನೇ ಒತ್ತುತ್ತ ಬಂದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಭಾರತದ ಲೈಸೆನ್ಸ್ ಇರುವವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಊರಿನ ಆರ್‌ಟಿಒದಲ್ಲೇ ಮಾಡಿಸಿ. ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ, ಟೋಲ್ ಇಲ್ಲ.

ಡಿಸೆಂಬರ್ 31ರ ರಾತ್ರಿ ಮಾತ್ರ ಕಾರು ಮುಟ್ಟಬೇಡಿ. ಫುಂಶಾಲ್ ಕೊಲ್ಲಿಯ ಸುತ್ತಲಿನ ಗುಡ್ಡಗಳಿಂದ ಏಕಕಾಲಕ್ಕೆ ಬಾಣಬಿರುಸು ಹಾರಿಸುತ್ತಾರೆ. 2006ರಲ್ಲಿ ಇದು ಗಿನ್ನೆಸ್ ದಾಖಲೆ ಸೇರಿತ್ತು. ಸಂಜೆಯಿಂದಲೇ ಒಳರಸ್ತೆಗಳು ಮುಚ್ಚುತ್ತವೆ. ನೋಟ ಮುಗಿಯುವುದು ಕೆಲವೇ ನಿಮಿಷಗಳಲ್ಲಿ, ಜನ ಕರಗಲು ತಾಸುಗಟ್ಟಲೆ ಬೇಕು. ನಡೆದೇ ಮನೆ ಸೇರುವ ದೂರದಲ್ಲಿ ಕೋಣೆ ಹಿಡಿಯಿರಿ. ಕೊಲ್ಲಿಗೆ ಮುಖಮಾಡಿದ ಬಾಲ್ಕನಿ ಸಿಕ್ಕರೆ ಮಕ್ಕಳನ್ನು ಹತ್ತಕ್ಕೆ ಮಲಗಿಸಿ, ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಎಬ್ಬಿಸಿದರೆ ಸಾಕು.