ಕೊಳವೆಯೊಳಗೆ ನೀರಿಗೂ ವಯಸ್ಸಾಗುತ್ತದೆ

ನಿಮ್ಮ ಪತ್ರ ಓದಿದೆ. ‘ಶುದ್ಧೀಕರಣ ಘಟಕದ ಹತ್ತಿರದ ಮನೆಗಳಲ್ಲಿ ಕ್ಲೋರಿನ್ ವಾಸನೆ ಮೂಗಿಗೆ ಹೊಡೆಯುತ್ತದೆ. ಕೊನೆಯಲ್ಲಿರುವ ನಮ್ಮ ನಲ್ಲಿಯಲ್ಲಿ ಪರೀಕ್ಷಿಸಿದರೆ ಕ್ಲೋರಿನ್ನೇ ಇಲ್ಲ. ಘಟಕದಲ್ಲೇ ಜಾಸ್ತಿ ಹಾಕಿದರೆ ಆಗದೇ?’ ಎಂದು ಕೇಳಿದ್ದೀರಿ.

ಹಾಕಬಹುದು, ಆದರೆ ಸಿಗುವ ಲಾಭ ತೀರಾ ಕಡಿಮೆ. ಕ್ಲೋರಿನ್ ದಾರಿಯುದ್ದಕ್ಕೂ ಸವೆಯುತ್ತದೆ. ನೀರಿನಲ್ಲಿರುವ ಸಾವಯವ ವಸ್ತು ಒಂದಿಷ್ಟನ್ನು ತಿನ್ನುತ್ತದೆ, ಕೊಳವೆಯ ಒಳಗೋಡೆಯ ತುಕ್ಕು, ಲೋಳೆ ಇನ್ನೊಂದಿಷ್ಟನ್ನು. 12 ಗಂಟೆಗೊಮ್ಮೆ ಅರ್ಧವಾಗುತ್ತದೆ ಎಂದಿಟ್ಟುಕೊಳ್ಳಿ. ಲೀಟರಿಗೆ 0.8 ಮಿಲಿಗ್ರಾಂ ಹಾಕಿ ಕಳಿಸಿದರೆ 24 ಗಂಟೆಗೆ 0.2 ಉಳಿಯುತ್ತದೆ. ಮನೆಗೆ ತಲುಪುವಾಗ ಕನಿಷ್ಠ ಇಷ್ಟಾದರೂ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈಗ 1.6 ಹಾಕಿ ನೋಡಿ. 0.2ಕ್ಕೆ ಇಳಿಯಲು 36 ಗಂಟೆ. ಎರಡು ಪಟ್ಟು ಸುರಿದು ಗಳಿಸಿದ್ದು ಬರೀ 12 ಗಂಟೆ! ಅಷ್ಟಕ್ಕೆ ಹತ್ತಿರದ ಮನೆಯವರು ಮೂಗು ಮುಚ್ಚಿಕೊಂಡು ಕುಡಿಯಬೇಕು. ಟ್ರೈಹ್ಯಾಲೋಮೀಥೇನ್‌ನಂಥ ಬೇಡದ ರಾಸಾಯನಿಕಗಳೂ ಹೆಚ್ಚುತ್ತವೆ.

ಅದರ ಬದಲು 0.8 ಹಾಕಿಯೇ ಕಳಿಸಿ, 12 ಗಂಟೆಯ ದಾರಿ ಸಾಗಿ 0.4ಕ್ಕೆ ಇಳಿದ ನೀರಿಗೆ ಅಲ್ಲೇ ಇನ್ನೊಂದು 0.4 ಸೇರಿಸಿ. ಆಗಲೂ 36 ಗಂಟೆ ಬಾಳುತ್ತದೆ, ಒಟ್ಟು ಹಾಕಿದ್ದು 1.2 ಮಾತ್ರ. ಯಾರ ಮನೆಗೂ 0.8ಕ್ಕಿಂತ ಜಾಸ್ತಿ ಹೋಗಲಿಲ್ಲ, ಅಲ್ವಾ?

ನಾನು ಕಿಲೋಮೀಟರ್ ಲೆಕ್ಕ ಹೇಳಲೇ ಇಲ್ಲ, ಗಂಟೆಯ ಲೆಕ್ಕ ಹೇಳಿದೆ. ಘಟಕ ಬಿಟ್ಟು ಎಷ್ಟು ಹೊತ್ತಾಯಿತೋ ಅದೇ ನೀರಿನ ವಯಸ್ಸು. ಟ್ಯಾಂಕಿನ ಮೂಲೆಯಲ್ಲಿ ಕಲಕದೆ ನಿಂತ ನೀರು ಘಟಕದ ಪಕ್ಕದಲ್ಲೇ ಇದ್ದರೂ ಮುದಿಯಾಗಿರುತ್ತದೆ. ಮುಂದೆ ದಾರಿಯಿಲ್ಲದ ಕೊಳವೆಯ ತುದಿಯಲ್ಲೂ ಅದೇ ಕಥೆ.

ಈ ವಯಸ್ಸನ್ನು ಲೆಕ್ಕ ಹಾಕುವ ಉಚಿತ ತಂತ್ರಾಂಶವೊಂದಿದೆ, ಎಪಾನೆಟ್. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1993ರಲ್ಲಿ ಹೊರತಂದದ್ದು. ಯಾವ ಕೊಳವೆಯಲ್ಲಿ ಎಷ್ಟು ಹೊತ್ತಿಗೆ ಎಷ್ಟು ಕ್ಲೋರಿನ್ ಇರುತ್ತದೆಂದು ಅದು ಅಂದಾಜಿಸುತ್ತದೆ. ಆದರೆ ಸುಮ್ನೆ ನಂಬುವಂತಿಲ್ಲ. ನೀರು ಎಷ್ಟು ಕ್ಲೋರಿನ್ ತಿನ್ನುತ್ತದೆಂದು ಬಾಟಲಿಯಲ್ಲಿ ತುಂಬಿಟ್ಟು, ಗಂಟೆಗಂಟೆಗೆ ಅಳೆದು ತಿಳಿಯಬಹುದು. ಕೊಳವೆಯ ಗೋಡೆ ತಿನ್ನುವುದು ಬಾಟಲಿಯಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ಬೀದಿಗಿಳಿದು, ಜಾಗಜಾಗದಲ್ಲಿ ಅಳೆದು, ಲೆಕ್ಕವನ್ನು ತಿದ್ದುತ್ತಾ ಹೋಗಬೇಕು.

ಇಷ್ಟಾದರೂ ಹಿಡಿತ ಸುಲಭವಲ್ಲ. ಇವತ್ತು ಹಾಕಿದ ಉಪ್ಪಿನ ರುಚಿ ನಾಳೆ ಗೊತ್ತಾಗುವ ಅಡುಗೆ ಇದು. ತುದಿಯಲ್ಲಿ ಕಡಿಮೆ ಕಂಡಿತೆಂದು ಈಗ ಹೆಚ್ಚಿಸಿದರೆ, ಅದು ತಲುಪುವ ಹೊತ್ತಿಗೆ ನೀರಿನ ಬಳಕೆಯೇ ಬದಲಾಗಿರುತ್ತದೆ. ಅದಕ್ಕೇ ಮುಂದಿನ ಬಳಕೆಯನ್ನು ಅಂದಾಜಿಸಿ ಮೊದಲೇ ಹಾಕಬೇಕಾಗುತ್ತದೆ.

ಒಂದು ಅನುಮಾನ. ನೀವು ಪರೀಕ್ಷಿಸಿದ್ದು ಬೆಳಗಿನ ಮೊದಲ ನೀರನ್ನೇ? ಹಾಗಿದ್ದರೆ ಅದು ರಾತ್ರಿಯಿಡೀ ನಿಮ್ಮ ಮನೆಯ ಕೊಳವೆಯಲ್ಲೇ ನಿಂತದ್ದು. ಐದು ನಿಮಿಷ ನಲ್ಲಿ ಬಿಟ್ಟು, ಆ ನೀರನ್ನು ಬೇರೆ ಬಳಕೆಗೆ ಬಕೆಟ್‌ನಲ್ಲಿ ಹಿಡಿದಿಟ್ಟು, ಆಮೇಲೆ ಬರುವ ನೀರನ್ನು ಮತ್ತೊಮ್ಮೆ ಪರೀಕ್ಷಿಸಿ ಬರೆಯಿರಿ.