ಎಂಟನೇ ಕ್ಲಾಸಿಗೇ ಸಿಇಟಿ ಯಾಕೆ ಸ್ವಾಮಿ?

ತಿಪಟೂರು ತಾಲ್ಲೂಕಿನ ಓದುಗರೊಬ್ಬರ ಪತ್ರ: "ಮಗಳು ನಮ್ಮೂರ ಸರ್ಕಾರಿ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸು, ಕನ್ನಡ ಮೀಡಿಯಂ. ಅಲ್ಲಿ ಎಸ್ಸೆಸ್ಸೆಲ್ಸಿ ಬಿಟ್ಟರೆ ಬೇರೆ ಮಾತಿಲ್ಲ. ಪಟ್ಟಣದ ಇಂಗ್ಲಿಷ್ ಶಾಲೆಯಲ್ಲಿ ಎಂಟರಿಂದಲೇ ನೀಟ್, ಸಿಇಟಿಗೆ ಫೌಂಡೇಶನ್ ಕ್ಲಾಸ್ ಇದೆ. ಈ ಸಲದ ಕೊಬ್ಬರಿ ದುಡ್ಡಲ್ಲಿ ಒಂಬತ್ತಕ್ಕೆ ಅಲ್ಲಿಗೆ ಸೇರಿಸೋಣ ಅಂತಿದ್ದೇನೆ. ಎಲ್ಲ ಹೈಸ್ಕೂಲುಗಳಲ್ಲೂ ಇದು ಶುರುವಾಗಲಿ ಅಂತ ನೀವ್ಯಾಕೆ ಬರೆಯುವುದಿಲ್ಲ?"

ಬರೆಯುವುದಿಲ್ಲ ಸ್ವಾಮಿ. ನಿಮ್ಮ ಆತಂಕ ಸುಳ್ಳಲ್ಲ. ಸರ್ಕಾರಿ ಸೀಟು ತಪ್ಪಿದರೆ ಮೆಡಿಕಲ್ ಫೀಸಿಗೆ ತೋಟ ಮಾರಿದರೂ ಸಾಲದು, ಒಪ್ಪಿದೆ. ಆದರೆ ದುಡ್ಡು ಕಟ್ಟುವ ಮುಂಚೆ ಒಂದು ಲೆಕ್ಕ ನೋಡಿ.

ಸಿಇಟಿ ಸೀಟು ಹಂಚುವಾಗ ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಎಷ್ಟು ಬಂತು ಅಂತ ಯಾರೂ ಕೇಳುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ ಅಂಕ, ಅರ್ಧ ಸೆಕೆಂಡ್ ಪಿಯುಸಿ ಅಂಕ. ಮೆಡಿಕಲ್‌ಗೆ ನೀಟ್. ಶಾಲೆಯ ವಿಚಾರದಲ್ಲಿ ಲೆಕ್ಕಕ್ಕೆ ಬರುವುದು ಎಲ್ಲಿ ಓದಿದೆ, ಯಾವ ಮಾಧ್ಯಮದಲ್ಲಿ ಓದಿದೆ ಅನ್ನುವುದು. ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ಶೇ. 15 ಮೀಸಲಾತಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವರಿಗೆ ಶೇ. 5. ಬೇರೆ ಷರತ್ತುಗಳೂ ಇವೆ, ಆದರೆ ಹತ್ತು ವರ್ಷ ಪೂರ್ತಿ ಆಗಿರಲೇಬೇಕು. ಎಂಟು ವರ್ಷ ಊರಲ್ಲಿ ಕನ್ನಡದಲ್ಲಿ ಓದಿದ ಹುಡುಗಿಯನ್ನು ಒಂಬತ್ತಕ್ಕೆ ಪಟ್ಟಣದ ಇಂಗ್ಲಿಷ್ ಶಾಲೆಗೆ ಹಾಕಿದರೆ ಎರಡೂ ಕೈತಪ್ಪುತ್ತವೆ. ಫೌಂಡೇಶನ್ ಕ್ಲಾಸಿನ ಪಾಂಪ್ಲೆಟ್‌ನಲ್ಲಿ ಇದನ್ನು ಅಚ್ಚು ಹಾಕಿರುವುದಿಲ್ಲ, ಅಲ್ವಾ?

ನಿಮ್ಮ ದೂರಿನ ಇನ್ನರ್ಧಕ್ಕೆ ಮಾತ್ರ ನನ್ನದೂ ಸಹಿ ಇದೆ. ನಮ್ಮ ಹೈಸ್ಕೂಲುಗಳು ಮಕ್ಕಳನ್ನು ಮುಂದಿನ ಓದಿಗೆ ತಯಾರು ಮಾಡುತ್ತಿಲ್ಲ. ಜನವರಿ ಬಂತೆಂದರೆ 'ಪಾಸಿಂಗ್ ಪ್ಯಾಕೇಜ್' ಹಂಚುತ್ತಾರೆ. ಯಾವ ಪಾಠದಿಂದ ಯಾವ ಪ್ರಶ್ನೆ, ಯಾವ ಚಿತ್ರ, ಯಾವ ಪ್ರಮೇಯ, ಎಲ್ಲ ಅದರಲ್ಲೇ. ಪರಿಚಯದ ಹುಡುಗಿಯೊಬ್ಬಳು ಹತ್ತನೇ ಕ್ಲಾಸಿನಲ್ಲಿ ಹೃದಯದ ನೀಳಛೇದ ಚಿತ್ರ ಬಿಡಿಸಿ ತೋರಿಸಿದಳು. ಎಷ್ಟು ಅಂದ ಅಂತೀರಿ! ಕವಾಟ, ಹೃತ್ಕರ್ಣ, ಹೃತ್ಕುಕ್ಷಿ, ಮಹಾಪಧಮನಿ, ಸ್ಕೇಲ್ ಇಟ್ಟು ಎಳೆದ ಗೆರೆಗಳ ತುದಿಯಲ್ಲಿ ಒಂದೊಂದೇ ಹೆಸರು. "ಶ್ವಾಸಕೋಶದಿಂದ ಬಂದ ರಕ್ತ ಮೊದಲು ಯಾವ ಕೋಣೆಗೆ ಹೋಗುತ್ತಮ್ಮ?" ಅಂದೆ. ಪೆನ್ಸಿಲ್ ಕೆಳಗಿಟ್ಟು, "ಅಂಕಲ್, ಅದು ಬರಲ್ಲ, ಚಿತ್ರ ಬರೆದು ಭಾಗ ಗುರುತಿಸಿ ಅಂತಷ್ಟೇ ಕೇಳೋದು" ಅಂದಳು. ಅವಳ ಮೇಷ್ಟ್ರನ್ನೂ ಪೂರ್ತಿ ಬೈಯಲಾರೆ. ಜಿಲ್ಲೆಯ ಸ್ಥಾನ ಕುಸಿದರೆ ಮೀಟಿಂಗಿನಲ್ಲಿ ನಿಲ್ಲಿಸಿ ಕೇಳುವುದು ಅವರನ್ನೇ. ಬೆಳಗಿನ ಜಾವ ಐದಕ್ಕೆ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುವ ಮೇಷ್ಟ್ರುಗಳೂ ನಮ್ಮಲ್ಲಿದ್ದಾರೆ.

ಇದರ ಬಣ್ಣ ಬಯಲಾಗಿದ್ದೂ ಆಯಿತು. 2024ರಲ್ಲಿ ಪರೀಕ್ಷೆಗೆ ವೆಬ್‌ಕಾಸ್ಟಿಂಗ್, ಅಂದರೆ ಕೊಠಡಿಯ ಮೇಲೆ ಕ್ಯಾಮೆರಾದ ನೇರ ನಿಗಾ ಬಂತು. ಗ್ರೇಸ್ ಅಂಕ ಧಾರಾಳವಾಗಿ ಕೊಟ್ಟರೂ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83ರಿಂದ 73ಕ್ಕೆ ಬಿತ್ತು. ಮರುವರ್ಷ ಆ ಗ್ರೇಸೂ ಇಲ್ಲ. ಮೊದಲ ಪರೀಕ್ಷೆಯಲ್ಲಿ ಶೇ. 62.

ಇಂಥ ಬುನಾದಿಯ ಮೇಲೆ ಸಿಇಟಿ ತರಬೇತಿ ಹೇರಿದರೆ ಏನಾಗುತ್ತೆ? ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷ, 60 ಪ್ರಶ್ನೆ. ಆ ವೇಗ ಪಿಯುಸಿಯ ಎರಡು ವರ್ಷದಲ್ಲಿ ಬರುತ್ತೆ, ವಿಷಯ ಅರ್ಥವಾಗಿದ್ದರೆ. ಕನ್ನಡ ಮೀಡಿಯಂ ಮಕ್ಕಳು ಫಸ್ಟ್ ಪಿಯುಸಿ ಸೈನ್ಸಿನಲ್ಲಿ ಎಡವುವುದು ಬೇರೆ ಕಡೆ. ಜೂನ್ ತಿಂಗಳಲ್ಲಿ ಯಾವುದಾದರೂ ತಾಲ್ಲೂಕು ಕಾಲೇಜಿನ ಫಿಸಿಕ್ಸ್ ಕ್ಲಾಸಿಗೆ ಹೋಗಿ ನೋಡಿ. ಲೆಕ್ಚರರ್ ಇಂಗ್ಲಿಷಿನಲ್ಲಿ ಹೇಳುತ್ತಿರುತ್ತಾರೆ, ಹಿಂದಿನ ಬೆಂಚಿನ ಹುಡುಗ ಅದನ್ನೇ ಕನ್ನಡ ಅಕ್ಷರದಲ್ಲಿ 'ವೆಲಾಸಿಟಿ, ಆಕ್ಸಲರೇಶನ್' ಅಂತ ಬರೆದುಕೊಳ್ಳುತ್ತಿರುತ್ತಾನೆ. ಒಂಬತ್ತನೇ ಕ್ಲಾಸಿನಲ್ಲಿ ವಾರಕ್ಕೊಂದು ಪಿರಿಯಡ್ ಈ ಇಂಗ್ಲಿಷ್ ಪದಗಳ ಪರಿಚಯ ಮಾಡಿಸಿದ್ದರೆ ಅವನು ಎಷ್ಟೋ ನಿರಾಳವಾಗಿರುತ್ತಿದ್ದ. ಅದಕ್ಕೆ ಕೋಚಿಂಗ್ ಬೇಡ, ಇರುವ ಮೇಷ್ಟ್ರೇ ಸಾಕು.

ಇನ್ನೊಂದು. ಹತ್ತು ಮುಗಿಸಿದ ಮಗುವಿಗೆ ಯಾವ ದಾರಿಗಳಿವೆ ಅಂತ ಎಷ್ಟು ಶಾಲೆಯಲ್ಲಿ ಹೇಳುತ್ತಾರೆ? ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರಿಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಎಷ್ಟೋ ತಂದೆತಾಯಿಗಳಿಗೆ ಇದು ಗೊತ್ತೇ ಇಲ್ಲ. ಕಾಮರ್ಸ್, ಆರ್ಟ್ಸ್ ಅಂದರೆ ಮಗು ಕೆಟ್ಟುಹೋಯಿತು ಅನ್ನುವ ಮುಖ ಮಾಡುತ್ತೇವೆ. ನೀವೂ ಪತ್ರದಲ್ಲಿ ಮಗಳಿಗೆ ಏನು ಇಷ್ಟ ಅಂತ ಒಂದು ಸಾಲೂ ಬರೆದಿಲ್ಲ, ಬೇಜಾರಾಗಬೇಡಿ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ 1935ರಲ್ಲಿ ಕಾಲ್ನಡಿಗೆಯಲ್ಲೇ ಬೆಂಗಳೂರಿಗೆ ಬಂದು ನ್ಯಾಷನಲ್ ಹೈಸ್ಕೂಲ್ ಸೇರಿದ ಎಚ್. ನರಸಿಂಹಯ್ಯನವರನ್ನು ನೆನೆಸಿಕೊಳ್ಳಿ. ಮುಂದೆ ಅಮೆರಿಕದ ಓಹಾಯೊದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಪಿಎಚ್.ಡಿ. ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಜೀವನವಿಡೀ ಹುಡುಗರಿಗೆ ಅವರು ಹೇಳಿದ್ದು ಪ್ರಶ್ನೆ ಕೇಳಿ ಅಂತ. ಕಾಲ ಬದಲಾಗಿದೆ ಅನ್ನುತ್ತೀರಿ. ಬದಲಾಗಿದೆ, ಅದಕ್ಕೇ 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವೇ 16 ವರ್ಷದ ಒಳಗಿನವರನ್ನು ಕೋಚಿಂಗ್ ಸೆಂಟರಿಗೆ ಸೇರಿಸಿಕೊಳ್ಳಬಾರದು ಅಂತ ಮಾರ್ಗಸೂಚಿ ಹೊರಡಿಸಬೇಕಾಯಿತು. ಕೋಚಿಂಗು ಶಾಲೆಯ ಒಳಗೇ ಬಂದು ಕೂತರೆ ಅದನ್ನು ಯಾರು ಕೇಳುವವರು? ಪಿಯು ಕಾಲೇಜುಗಳ ಕಾಂಪೌಂಡಿಗೆ ಕಟ್ಟುವ ಫ್ಲೆಕ್ಸಿನಲ್ಲಿ ಸ್ಟ್ಯಾಂಪ್ ಸೈಜಿನ ಮುಖಗಳು, ಕೆಳಗೆ ರ‍್ಯಾಂಕು. ಮುಂದಿನ ಸಲ ಹೈಸ್ಕೂಲಿನ ಕಾಂಪೌಂಡೂ ಖಾಲಿ ಇರುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಮಗಳು ಅಲ್ಲೇ ಓದಲಿ. ಹತ್ತು ಮುಗಿದ ಕೂಡಲೇ ಗ್ರಾಮೀಣ, ಕನ್ನಡ ಮಾಧ್ಯಮ ಎರಡೂ ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ ಸಹಿ ಮಾಡಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಹಾಕಿಸಿ ಇಟ್ಟುಕೊಳ್ಳಿ. ಸಿಇಟಿ ಹೊತ್ತಲ್ಲಿ ಆ ಆಫೀಸಿನ ಮುಂದೆ ಕ್ಯೂ ಜಾಸ್ತಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಸುಮ್ನೆ ಹೋಗಿ ಟೀ ಕುಡಿದು ಬರಬೇಡಿ. ಪ್ರಯೋಗಾಲಯದ ಬೀಗ ಈ ವರ್ಷ ಎಷ್ಟು ಸಲ ತೆಗೆದಿರಿ ಅಂತ ಕೇಳಿ. ಏನು ಉತ್ತರ ಬಂತು ಅಂತ ಬರೆಯಿರಿ, ಇದೇ ಪುಟದಲ್ಲಿ ಹಾಕುತ್ತೇವೆ.

– ಸಂ.