ಎರಡು ಲಕ್ಷಕ್ಕೆ ಕಾರು ಸಿಕ್ಕೀತೇ?

ಪ್ರಶ್ನೆ: ಕೈಯಲ್ಲಿರೋದು ಎರಡು ಲಕ್ಷ. 2014ರ ವ್ಯಾಗನ್ ಆರ್ ನೋಡಿದ್ದೇನೆ, ಓಡಿರೋದು ಬರೀ 38,000 ಕಿ.ಮೀ. ಅಂತಾರೆ. ತಗೊಳ್ಳಲೇ ಸರ್?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಮೀಟರ್ ಬಿಡಿ, ಪೆಡಲ್ ನೋಡಿ. ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಆ ಲೆಕ್ಕ ನಂಬಬೇಡಿ. ನಾನೂ ಒಮ್ಮೆ ಪಾಲಿಶ್‌ಗೆ ಮರುಳಾಗಿ, ಮೊದಲ ಮಳೆಗೇ ಕಾಲಡಿಯ ಮ್ಯಾಟ್ ತೊಯ್ದಾಗ ತಲೆ ಚಚ್ಚಿಕೊಂಡವನು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡ್ತಿದೆ, ವಾಪಸ್ ಬನ್ನಿ. ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರಿದ್ದರೆ, ಸಾಲ ತೀರಿದೆ ಅಂತ ಬ್ಯಾಂಕ್ ಕೊಡುವ ಎನ್‌ಒಸಿ, ಆ ಹೆಸರು ತೆಗೆಸುವ ಫಾರಂ 35 ನೋಡದೆ ಅಡ್ವಾನ್ಸ್ ಕೊಡಬೇಡಿ. ನೋಂದಣಿ 15 ವರ್ಷಕ್ಕೆ, ಅಂದರೆ 2029ಕ್ಕೆ ಮುಗಿಯುತ್ತೆ. ಚೌಕಾಸಿಗೆ ಅದನ್ನೇ ಹಿಡಿಯಿರಿ. ಟೈರು, ಬ್ಯಾಟರಿಗೆಂದು ಇಪ್ಪತ್ತು ಸಾವಿರ ಮೊದಲೇ ಎತ್ತಿಡಿ.